ಅಳೆದು ಮುಗಿಯದ ರೇಡಿಯೋ

ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಗೆ ಒಂದು ವಾಸನೆಯಿದೆ ನೋಡಿ, ನನಗೆ ಅದು ಊದುಬತ್ತಿಯ ಪರಿಮಳಕ್ಕಿಂತ ಇಷ್ಟ. ಮನೆಯಲ್ಲಿ ದೇವರ ಗೂಡು ಇಟ್ಟುಕೊಂಡವಳು ಹೀಗೆಲ್ಲ ಹೇಳಬಾರದು, ಆದರೂ ಹೇಳಿಬಿಟ್ಟೆ. ಮೂರು ದಿನದಿಂದ ನಮ್ಮ ಊಟದ ಮೇಜಿನ ಸುತ್ತ ಅದೇ ವಾಸನೆ. ನಾನೊಂದು ಸಣ್ಣ ಯಂತ್ರ ಕಟ್ಟಿದ್ದೇನೆ. ತಾರಸಿಯ ಮೇಲಿನ ಟ್ಯಾಂಕು ತುಂಬಿದ ಕೂಡಲೇ ಕೂಗಿ ತಿಳಿಸುವ ಯಂತ್ರ. ಮೋಟಾರು ಹಾಕಿ ಮರೆತುಬಿಡುವುದು ನನ್ನ ಹಳೆಯ ಚಾಳಿ. ಬೇರೆ ಊರಿನಲ್ಲಾದರೆ ಹೇಗೋ ನಡೆದೀತು, ಚೆನ್ನೈಯಲ್ಲಿ ಬೇಸಿಗೆಯ ದಿನ ಲಾರಿ ನೀರಿಗಾಗಿ ಕೊಡ ಸಾಲಾಗಿ ಇಟ್ಟು ಕಾಯುತ್ತಿರುವವರ ಕಣ್ಣೆದುರು ನಮ್ಮ ಟ್ಯಾಂಕಿನಿಂದ ನೀರು ಧೋ ಎಂದು ಸುರಿದರೆ ಮುಖ ಎಲ್ಲಿಟ್ಟುಕೊಳ್ಳುವುದು? ಕೆಳಮನೆಯವರು "ಮೇಡಂ, ತಣ್ಣಿ! ತಣ್ಣಿ!" ಎಂದು ಕೂಗಿ ಕೂಗಿ ಈಗ ಕೂಗುವುದನ್ನೇ ಬಿಟ್ಟು, ಲಿಫ್ಟಿನಲ್ಲಿ ಸಿಕ್ಕಾಗ ನನ್ನನ್ನು ಸುಮ್ಮನೆ ನೋಡುತ್ತಾರೆ. ಕೂಗಾಟವನ್ನಾದರೂ ತಡೆದುಕೊಳ್ಳಬಹುದು, ಆ ನೋಟವನ್ನಲ್ಲ.

ಯಂತ್ರ ಕಟ್ಟಿದ್ದು ಮೂರು ದಿನದ ಹಿಂದೆ. ಇನ್ನೂ ಬ್ಯಾಟರಿ ಜೋಡಿಸಿಲ್ಲ. ಮಲ್ಟಿಮೀಟರ್ ಹಿಡಿದು ಅಳೆಯುತ್ತ ಕೂತಿದ್ದೇನೆ. ಮಲ್ಟಿಮೀಟರ್ ಕಂಡಿರದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಅಂಗೈಗಿಂತ ತುಸು ದೊಡ್ಡದಾದ ಡಬ್ಬಿ, ಮುಖದ ಮೇಲೆ ಅಂಕಿ ತೋರಿಸುವ ಕಿಟಕಿ, ಕೆಳಗೆ ತಿರುಗಿಸುವ ಗುಂಡಿ. ಡಬ್ಬಿಯಿಂದ ಎರಡು ವೈರು ಹೊರಟು, ತುದಿಯಲ್ಲಿ ಸೂಜಿಮೊನೆಯ ಎರಡು ಕಡ್ಡಿ, ಒಂದು ಕೆಂಪು, ಒಂದು ಕಪ್ಪು. ಅವನ್ನು ಎಲ್ಲಿ ಮುಟ್ಟಿಸುತ್ತೀರೋ ಅಲ್ಲಿನ ಸಮಾಚಾರ ಕಿಟಕಿಯಲ್ಲಿ ಬರುತ್ತದೆ. ಎರಡು ಕಡ್ಡಿಗಳ ನಡುವೆ ಕರೆಂಟು ಹರಿಯಲು ದಾರಿಯಿದ್ದರೆ 'ಪೀಂ' ಎನ್ನುತ್ತದೆ. ಇಲ್ಲದಿದ್ದರೆ ಸುಮ್ಮನಿರುತ್ತದೆ. ಹೊಸದಾಗಿ ಕಟ್ಟಿದ ಯಾವುದಕ್ಕೂ ಜೀವ ಕೊಡುವ ಮೊದಲು ಹೀಗೆ ಮುಟ್ಟಿ ಮುಟ್ಟಿ ನೋಡಬೇಕು. ಪೀಂ ಎನ್ನಬೇಕಾದ ಕಡೆ ಎನ್ನಬೇಕು, ಎನ್ನಬಾರದ ಕಡೆ ಬಾಯಿ ಮುಚ್ಚಿಕೊಂಡಿರಬೇಕು. ಅಷ್ಟೇ ಶಾಸ್ತ್ರ. ಅರ್ಧ ಗಂಟೆಯ ಕೆಲಸ.

ನಾನು ಅದಕ್ಕೆ ಮೂರು ದಿನ ತೆಗೆದುಕೊಂಡಿದ್ದನ್ನು ನನಗಿಂತ ಮೊದಲು ಗಮನಿಸಿದವಳು ಚಿಕ್ಕಮ್ಮ. ತನ್ನ ತವರು ತಿಪಟೂರಿನಲ್ಲಿ ತಮ್ಮನ ಮನೆಯಲ್ಲಿರುವ ಅವಳು ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮ ಮನೆಗೆ ಬಂದು ಹದಿನೈದು ದಿನವಾಯಿತು. ಕಪ್ಪು ಕನ್ನಡಕ ಹಾಕಿಕೊಂಡು ಸೋಫಾದ ಮೂಲೆಯಲ್ಲಿ ರಾಣಿಯ ಹಾಗೆ ಕೂತಿರುತ್ತಾಳೆ. ಓದುವ ಹಾಗಿಲ್ಲ, ಟೀವಿ ನೋಡುವ ಹಾಗಿಲ್ಲ. ಕಿವಿಯೊಂದೇ ಕೆಲಸ ಮಾಡುತ್ತಿದೆ, ಅದೂ ಎರಡು ಕಣ್ಣಿನ ಕೆಲಸ ಸೇರಿಸಿ.

"ಏನೇ ಅದು, ಇನ್ನೂ ಎಷ್ಟು ದಿನ ಪೀಂ ಪೀಂ ಅನ್ನಿಸ್ತೀಯೇ? ಥೇಟ್ ನಿಮ್ಮ ಚಿಕ್ಕಪ್ಪನೇ ಆಗಿಬಿಟ್ಟೆಯಲ್ಲೇ!" ಎಂದಳು.

ನಗುತ್ತಲೇ ಹೇಳಿದ ಮಾತು. ನನ್ನ ಕೈಯಲ್ಲಿದ್ದ ಕಡ್ಡಿ ಮಾತ್ರ ಹಾಗೇ ನಿಂತಿತು. ಚಿಕ್ಕಪ್ಪ ಹೋಗಿ ಆರು ವರ್ಷ. ಅವರು ನನ್ನಿಂದ ಮಾತು ತೆಗೆದುಕೊಂಡು, ಅವಳಿಗೆ ಹೇಳಬೇಡ ಎಂದಿದ್ದ ಒಂದು ಸಂಗತಿ ಇಪ್ಪತ್ತು ವರ್ಷದಿಂದ ನನ್ನ ಹೊಟ್ಟೆಯಲ್ಲಿದೆ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಬಂಧುಬಳಗದಲ್ಲೆಲ್ಲ ಪ್ರಸಿದ್ಧಿ. ಇದೊಂದು ಹೇಗೋ ನಿಂತಿತ್ತು.

ನಾನು ಡಿಪ್ಲೊಮಾ ಮುಗಿಸಿ, ಗಿಂಡಿಯ ಕೈಗಾರಿಕಾ ಬಡಾವಣೆಯ ಒಂದು ಪುಟ್ಟ ಕಾರ್ಖಾನೆಯಲ್ಲಿ ಟೆಸ್ಟಿಂಗ್ ಕೆಲಸಕ್ಕೆ ಸೇರಿದಾಗ ಇಳಿದುಕೊಂಡದ್ದು ಚಿಕ್ಕಮ್ಮನ ಮನೆಯಲ್ಲಿ. ಸೈದಾಪೇಟೆ. ರೈಲಿನಲ್ಲಿ ಒಂದೇ ಸ್ಟೇಷನ್ನಿನ ದಾರಿ. ಕಾರ್ಖಾನೆಯಲ್ಲಿ ಸ್ಟೆಬಿಲೈಸರ್ ಮಾಡುತ್ತಿದ್ದರು. ನಾವು ಏಳೆಂಟು ಹುಡುಗಿಯರು ಸಾಲಾಗಿ ಕೂತು, ಬಂದ ಬೋರ್ಡನ್ನು ಮೀಟರಿನಲ್ಲಿ ನೋಡಿ, ಕರೆಂಟು ಕೊಟ್ಟು, ಸರಿಯಿದ್ದರೆ ಹಸಿರು ಚೀಟಿ, ಇಲ್ಲದಿದ್ದರೆ ಕೆಂಪು ಚೀಟಿ ಅಂಟಿಸುತ್ತಿದ್ದೆವು. ಒಂದು ವಾರ ಕಳೆಯುವಷ್ಟರಲ್ಲಿ ನನಗೆ ಕೋಡು ಮೂಡಿತ್ತು. ಮನೆಗೆ ಬಂದು ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಕೊನೆಗೆ ಚಿಕ್ಕಮ್ಮನ ಸಾರಿಗೂ ಚೀಟಿ ಅಂಟಿಸುವವಳ ಹಾಗೆ ಮಾತಾಡುತ್ತಿದ್ದೆ.

ಚಿಕ್ಕಪ್ಪ ವಿಮಾ ಕಚೇರಿಯಲ್ಲಿ ಗುಮಾಸ್ತರು. ಅವರ ಮೇಜಿಗೆ ಬರುತ್ತಿದ್ದುದು ಬೆಂಕಿಯ ಫೈಲುಗಳು. ಸೌಕಾರ್‌ಪೇಟೆಯ ಬಟ್ಟೆ ಗೋದಾಮು ಸುಟ್ಟಿತು, ಪಕ್ಕದ ಬೀದಿಯ ಕಾಗದದಂಗಡಿ ಸುಟ್ಟಿತು, ಹೀಗೆ ವರ್ಷವಿಡೀ ಏನಾದರೊಂದು. ಸರ್ವೇಯರ್ ಜೊತೆ ಹೋಗಿ ಕರಿ ಹಿಡಿದ ಗೋಡೆಗಳನ್ನು ನೋಡಿ ಬರುತ್ತಿದ್ದರು. "ಕಾರಣ ಅನ್ನೋ ಕಡೆ ಎಲ್ರೂ ಒಂದೇ ಬರೀತಾರೆ ಕಣಮ್ಮ, ಶಾರ್ಟ್ ಸರ್ಕ್ಯೂಟ್ ಅಂತ. ಒಂದು ತಂತಿ ಇನ್ನೊಂದು ತಂತೀನ ಮುಟ್ಟಬಾರದ ಕಡೆ ಮುಟ್ಟಿದೆ, ಅಷ್ಟೇ. ಮೂರು ಅಂತಸ್ತು ಹೋಯ್ತು," ಎನ್ನುತ್ತಿದ್ದರು. ಹೇಳುವಾಗ ಎರಡು ತೋರುಬೆರಳನ್ನು ಹತ್ತಿರ ತಂದು, ಮುಟ್ಟಿಸದೆ ನಿಲ್ಲಿಸುತ್ತಿದ್ದರು.

ಇಂಥವರಿಗೆ ಎಲೆಕ್ಟ್ರಾನಿಕ್ಸಿನ ಹುಚ್ಚು ಹಿಡಿದದ್ದು ಹೇಗೆ ಎಂದು ಕೇಳಬೇಡಿ. ಹಾವಿಗೆ ಹೆದರುವವರೇ ಬಿಲದ ಹತ್ತಿರ ನಿಂತು ಇಣುಕುವುದಿಲ್ಲವೇ, ಹಾಗೆ. ಶನಿವಾರ ಮಧ್ಯಾಹ್ನ ಆಫೀಸಿನಿಂದ ನೇರ ರಿಚಿ ಸ್ಟ್ರೀಟಿಗೆ. ಅಲ್ಲಿಯ ಇಕ್ಕಟ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ರೆಸಿಸ್ಟರು, ಕಂಡೆನ್ಸರುಗಳನ್ನು ಕೊಂಡು, ಕರಿಬೇವು ಕಟ್ಟಿಸಿಕೊಂಡ ಹಾಗೆ ಕಾಗದದಲ್ಲಿ ಕಟ್ಟಿಸಿಕೊಂಡು ಬರುತ್ತಿದ್ದರು. ಭಾನುವಾರ ತಿಂಡಿ ಮುಗಿಸಿ ನಡುಮನೆಯ ನೆಲದ ಮೇಲೆ ಚಾಪೆ ಹಾಸಿ ಕೂತರೆ ಊಟಕ್ಕೆ ಮೂರು ಸಲ ಕರೆಯಬೇಕು. ಅವರ ಬೆಸುಗೆ ನೋಡಿದರೆ ನಮ್ಮ ಕಾರ್ಖಾನೆಯ ಹುಡುಗಿಯರು ನಾಚಬೇಕು, ಒಂದೊಂದು ಚುಕ್ಕಿಯೂ ಮುತ್ತು. ಆಮೇಲೆ ಮೀಟರು ತೆಗೆಯುತ್ತಿದ್ದರು. ಮೊದಲು ಎರಡು ಕಡ್ಡಿಯನ್ನೂ ಒಂದಕ್ಕೊಂದು ಮುಟ್ಟಿಸಿ, ಮೀಟರೇ ಸರಿಯಿದೆಯೇ ಎಂದು ನೋಡುವುದು. ಆಮೇಲೆ ಒಂದೊಂದೇ ಚುಕ್ಕಿ. ಪ್ರತಿಯೊಂದು ಅಳತೆಯನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ದುಂಡಗಿನ ಅಕ್ಷರದಲ್ಲಿ ಬರೆಯುವುದು.

ಬರೆದಾದ ಮೇಲೆ? ಮೇಲೇನೂ ಇಲ್ಲ. ಎತ್ತಿಡುವುದು. ಅದೇ ನಮ್ಮ ಚಿಕ್ಕಪ್ಪ. ಕಟ್ಟಿದ್ದಕ್ಕೆ ಕರೆಂಟು ಕೊಡುತ್ತಿರಲಿಲ್ಲ. ಬೀರುವಿನ ಕೆಳಗಿನ ಅರೆಯಲ್ಲಿ ಚಪ್ಪಲಿ ಡಬ್ಬಿಗಳ ತುಂಬ ಒಮ್ಮೆಯೂ ಬಾರಿಸದ ಕರೆಗಂಟೆ, ಒಮ್ಮೆಯೂ ಓಡದ ಗಡಿಯಾರ, ಒಮ್ಮೆಯೂ ಹೊತ್ತದ ದೀಪದ ಸರ. ಎಲ್ಲವನ್ನೂ ಅಳೆದಾಗಿದೆ, ಎಲ್ಲವೂ ಸರಿಯಿದೆ. "ಸರಿ ಇದೆ ಅಂತ ಮೀಟರ್ ಹೇಳ್ತಿದೆಯಲ್ಲಮ್ಮ. ಇನ್ನು ಹಾಕಿ ನೋಡೋದು ಏನಕ್ಕೆ?" ಎಂದು ಕೇಳುತ್ತಿದ್ದರು. ತಮಾಷೆಗಲ್ಲ, ನಿಜವಾಗಿ ಕೇಳುತ್ತಿದ್ದರು. ಪೆದ್ದುಪೆದ್ದಾಗಿ ನಕ್ಕು ನಾನು ಸುಮ್ಮನಾಗುತ್ತಿದ್ದೆ.

ಈ ಡಬ್ಬಿಗಳಿಂದ ಯಾರಿಗೂ ತೊಂದರೆಯಿರಲಿಲ್ಲ, ರೇಡಿಯೋದ ಮಾತು ಬರುವವರೆಗೆ.

ಚಿಕ್ಕಮ್ಮನಿಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಈ ಊರಿಗೆ ಬಂದು ಎಷ್ಟೋ ವರ್ಷವಾಗಿದ್ದರೂ ಅವಳ ತಮಿಳು ತರಕಾರಿ ಗಾಡಿಯಿಂದ ಆಚೆ ಹೋಗಿರಲಿಲ್ಲ. "ಕತ್ತರಿಕ್ಕಾಯ್ ಎವ್ವಳವು?" ಎಂದು ಬದನೆಕಾಯಿಯ ಬೆಲೆ ಕೇಳುವಳು. ಗಾಡಿಯವನು ಬೆಲೆಯ ಜೊತೆ ಮಳೆ, ಬಿಸಿಲು, ಮಗಳ ಮದುವೆ ಎಂದು ನಾಲ್ಕು ಮಾತು ಸೇರಿಸಿದರೆ ಕಕ್ಕಾಬಿಕ್ಕಿಯಾಗಿ ನಗುವಳು. ಚಿಕ್ಕಪ್ಪ ಮಾತಿನ ಮನುಷ್ಯರಲ್ಲ. ಮನೆಗೆ ಆಗ ಕೇಬಲ್ ಇರಲಿಲ್ಲ. ಇಡೀ ಹಗಲು ಅವಳ ಕಿವಿಯ ಮೇಲೆ ಕನ್ನಡದ ಒಂದು ಮಾತೂ ಬೀಳುತ್ತಿರಲಿಲ್ಲ. ನಾನು ಸಂಜೆ ಬಂದು ಚಪ್ಪಲಿ ಬಿಡುವ ಮೊದಲೇ ಶುರು ಮಾಡುತ್ತಿದ್ದಳು. "ಬಾರೇ, ಏನಾದ್ರೂ ಮಾತಾಡೇ. ನನ್ನ ಧ್ವನಿ ನನಗೇ ಮರೆತುಹೋಗಿದೆ," ಎಂದು ಒಮ್ಮೆ ಅಂದಳು. ಆಗ ನನಗೆ ಇಪ್ಪತ್ತೊಂದು. ಆ ಮಾತಿನ ಭಾರ ತಿಳಿಯುವ ವಯಸ್ಸಲ್ಲ. ಈಗ ನೆನೆದರೆ ಸಂಕಟವಾಗುತ್ತದೆ.

ಒಂದು ದಿನ ಊಟಕ್ಕೆ ಕೂತಾಗ ಅವಳೇ ಕೇಳಿದಳು, "ಒಂದು ರೇಡಿಯೋ ತರ್ತೀರಾ? ಬೆಂಗಳೂರು ಸ್ಟೇಷನ್ನು ಸಂಜೆ ಹೊತ್ತು ಇಲ್ಲೀವರೆಗೂ ಕೇಳಿಸುತ್ತಂತೆ."

ಚಿಕ್ಕಪ್ಪನ ಮುಖ ಅರಳಿತು. "ತರೋದ್ಯಾಕೆ? ನಾನೇ ಕಟ್ತೀನಿ."

ಕಟ್ಟಿದರು. ಒಂದು ತಿಂಗಳು ಹಿಡಿಯಿತು. ಸೋಪಿನ ಡಬ್ಬಿಯಷ್ಟು ಬೋರ್ಡು, ಕರಿಯ ಕಡ್ಡಿಗೆ ಸುತ್ತಿದ ತೆಳು ತಂತಿಯ ಸುರುಳಿ, ಸ್ಟೇಷನ್ ತಿರುಗಿಸಲು ಬಿರಡೆ, ಚಿಕ್ಕ ಸ್ಪೀಕರು, ಒಂಬತ್ತು ವೋಲ್ಟಿನ ಚಚ್ಚೌಕ ಬ್ಯಾಟರಿ. ಬ್ಯಾಟರಿಯನ್ನು ರೇಡಿಯೋಗೆ ಜೋಡಿಸದೆ ಪಕ್ಕದಲ್ಲೇ ಬೇರೆ ಇಟ್ಟು ಅದನ್ನೂ ಅಳೆದರು, ಒಂಬತ್ತೂವರೆ. ಎಲ್ಲವೂ ಸರಿ. ಮುಂದಿನ ಭಾನುವಾರ ಮತ್ತೆ ಅಳೆದರು. ಎಲ್ಲವೂ ಸರಿ. ಅದರ ಮುಂದಿನ ಭಾನುವಾರವೂ. ಚಿಕ್ಕಮ್ಮ ಪ್ರತಿವಾರ ಕಾಫಿ ಲೋಟ ಹಿಡಿದು ಬಾಗಿಲಲ್ಲಿ ನಿಂತು, "ಆಯ್ತಾ?" ಎನ್ನುವಳು. "ಒಂದು ಸಲ ಎಲ್ಲಾ ನೋಡಿಬಿಡ್ತೀನಿ," ಎನ್ನುವರು. ಅಂಗಡಿಗೆ ಹೋಗಿ ಒಂದು ರೇಡಿಯೋ ಕೊಂಡುಬಿಡೋಣ ಎಂದು ನಾನು ಎಷ್ಟು ಸಲ ಹೇಳಿದೆನೋ. ಅವಳು ಒಪ್ಪಲಿಲ್ಲ. "ಅಷ್ಟು ಆಸೆಯಿಂದ ನನಗೋಸ್ಕರ ಕಟ್ಟಿದ್ದಾರೆ. ಎದುರಿಗೆ ಅಂಗಡೀದು ತಂದಿಟ್ರೆ ಅವರ ಮುಖ ಹೇಗಾಗುತ್ತೆ ಹೇಳು? ಬೇಡ ಬಿಡೇ," ಎಂದಳು.

ಏಳನೆಯ ಭಾನುವಾರ ಕಳೆದ ಮೇಲೆ ನನಗೆ ತಡೆಯಲಾಗಲಿಲ್ಲ. ಮರುದಿನ ಸೌಕಾರ್‌ಪೇಟೆಯಲ್ಲಿ ಎಲ್ಲೋ ಬೆಂಕಿ ಬಿದ್ದು, ಸರ್ವೇಯರ್ ಜೊತೆ ಹೋಗಬೇಕು, ಬರುವುದು ಏಳಾಗುತ್ತದೆ ಎಂದು ಚಿಕ್ಕಪ್ಪ ಹೇಳಿ ಹೋಗಿದ್ದರು. ನಾನು ಕೆಲಸದಿಂದ ಬಂದವಳೇ ಚಪ್ಪಲಿ ಡಬ್ಬಿ ತೆಗೆದು ನಡುಮನೆಯಲ್ಲಿ ಇಟ್ಟೆ.

"ಅಯ್ಯಯ್ಯೋ, ಬೇಡ ಕಣೇ! ಅವರಿಗೆ ಗೊತ್ತಾದ್ರೆ!" ಎಂದಳು ಚಿಕ್ಕಮ್ಮ. ಎಂದವಳು ಹತ್ತಿರ ಬಂದು ಕೂತಳು. ಮತ್ತೆ ಎದ್ದಳು. "ಇರು, ಒಂದು ಬಕೆಟ್ ನೀರು ತಂದಿಟ್ಕೋತೀನಿ."

"ಚಿಕ್ಕಮ್ಮ, ಒಂಬತ್ತು ವೋಲ್ಟಿಗೆ ಒಂದು ಸೊಳ್ಳೇನೂ ಸಾಯಲ್ಲ."

"ನಿನಗೇನು ಗೊತ್ತು, ಅವರು ದಿನಾ ನೋಡ್ತಾರೆ. ಮೂರು ಅಂತಸ್ತು ಹೋಗಿದೆ!"

ಬಕೆಟ್ ಬಂತು. ಚೊಂಬು ತುಂಬಿ ಕೈಯಲ್ಲಿ ಹಿಡಿದು, ಸೆರಗು ಸಿಕ್ಕಿಸಿ ಸಿದ್ಧಳಾಗಿ ನಿಂತಳು. ನಾನು ಬ್ಯಾಟರಿ ಜೋಡಿಸಿದೆ. ಮೊದಲು ಜೊರ್ರ್ ಎಂಬ ಸದ್ದು, ದೂರದಲ್ಲಿ ಎಲ್ಲೋ ಜೋರು ಮಳೆ ಬರುತ್ತಿರುವ ಹಾಗೆ. ಬಿರಡೆ ತಿರುಗಿಸಿದರೆ ತಮಿಳು, ಇನ್ನಷ್ಟು ತಿರುಗಿಸಿದರೆ ತೆಲುಗಿನ ಹಾಡಿನ ಬಾಲ. ಇನ್ನೊಂದು ಕೂದಲೆಳೆಯಷ್ಟು ತಿರುಗಿಸಿದೆ. ಜೊರ್ರ್ ಸದ್ದಿನ ಒಳಗಿಂದ ಒಬ್ಬ ಗಂಡಸಿನ ಧ್ವನಿ, ನಿಧಾನವಾಗಿ, ಅವಸರವೇ ಇಲ್ಲದೆ, ಪೇಟೆ ಧಾರಣೆ ಓದುತ್ತಿತ್ತು. ರಾಗಿ, ಹುರುಳಿ, ಕಡಲೆಕಾಯಿ. ಆಮೇಲೆ, "ತಿಪಟೂರು, ಕೊಬ್ಬರಿ."

ಚಿಕ್ಕಮ್ಮನ ಕೈಯಲ್ಲಿದ್ದ ಚೊಂಬು ವಾಲಿ ನೀರೆಲ್ಲ ನೆಲಕ್ಕೆ ಚೆಲ್ಲಿತು. ಅವಳಿಗೆ ಅದರ ಕಡೆ ಗಮನವಿಲ್ಲ. ಕೊಬ್ಬರಿ ಬೆಲೆ ಕೇಳಿ ಅತ್ತ ಹೆಂಗಸನ್ನು ನಾನು ಅದಕ್ಕೆ ಮೊದಲೂ ಕಂಡಿರಲಿಲ್ಲ, ಆಮೇಲೂ ಕಂಡಿಲ್ಲ. ಅಳುತ್ತಳುತ್ತಲೇ, "ಪರವಾಗಿಲ್ವೇ, ಒಳ್ಳೇ ರೇಟಿದೆ ಈ ಸಲ," ಎಂದಳು.

ಅಲ್ಲಿಂದ ದಿನಾ ಸಂಜೆ ನಮ್ಮ ಕಳ್ಳತನ ಶುರುವಾಯಿತು. ಈ ಮೀಡಿಯಂ ವೇವಿನ ಗುಣವೇ ವಿಚಿತ್ರ. ಬಿಸಿಲಿರುವಾಗ ದೂರದ ಸ್ಟೇಷನ್ನು ಮುಸುಕು ಹಾಕಿಕೊಂಡಿರುತ್ತದೆ, ಹೊತ್ತು ಇಳಿದ ಹಾಗೆ ಮೆಲ್ಲಗೆ ಹತ್ತಿರ ಬರುತ್ತದೆ. ಸೈದಾಪೇಟೆಯ ಆ ಮನೆಯ ಕಿಟಕಿಯಿಂದ ಐದೂವರೆಗೆಲ್ಲ ಸಮುದ್ರದ ಗಾಳಿ ಬರುತ್ತಿತ್ತು. ಇಡೀ ಹಗಲು ಬೆಂದ ಗೋಡೆಗಳು ತಣ್ಣಗಾಗುವ ಹೊತ್ತು. ಬೆಳಕು ಮೊದಲು ಹಳದಿಯಾಗಿ, ಆಮೇಲೆ ಕಿತ್ತಳೆಯಾಗಿ, ನೆಲದ ಮೇಲೆ ಜಾರಿಕೊಂಡು ಹೋಗುತ್ತಿತ್ತು. ನಾವಿಬ್ಬರೂ ದೀಪ ಹಾಕದೆ, ಮಾತಾಡದೆ, ರೇಡಿಯೋಗೆ ತಲೆ ಒತ್ತಿ ಕೂತಿರುತ್ತಿದ್ದೆವು. ಧ್ವನಿ ಒಮ್ಮೆ ತುಂಬಿ ಬರುವುದು, ಒಮ್ಮೆ ಅಷ್ಟು ದೂರ ಹೋಗಿ ಇಲ್ಲವೇ ಆಗುವುದು. ಹೋದಾಗ ಚಿಕ್ಕಮ್ಮ ಉಸಿರು ಹಿಡಿಯುತ್ತಿದ್ದಳು. ಬಂದಾಗ ಬಿಡುತ್ತಿದ್ದಳು. ಕಬ್ಬಿನ ರೋಗಕ್ಕೆ ಯಾವ ಔಷಧಿ ಸಿಂಪಡಿಸಬೇಕು, ಹಸು ಗಬ್ಬ ಕಟ್ಟದಿದ್ದರೆ ಏನು ಮಾಡಬೇಕು, ಎಲ್ಲವನ್ನೂ ಪುರಾಣ ಕೇಳಿದ ಹಾಗೆ ಕೇಳಿದೆವು. ನನಗೆ ಹಸುವನ್ನು ಸಾಕುವ ಯೋಗ ಈವರೆಗೂ ಬಂದಿಲ್ಲ, ಬಂದರೆ ಅದರ ಬಾಣಂತನ ನಾನೇ ಮಾಡಬಲ್ಲೆ.

ದುಃಖವೆಂದರೆ ಧ್ವನಿ ಚೆನ್ನಾಗಿ ತಿಳಿಯಾಗುವ ಹೊತ್ತಿಗೇ, ಆರೂಕಾಲಕ್ಕೆ, ಚಿಕ್ಕಪ್ಪ ಬರುತ್ತಿದ್ದರು. ಗೇಟಿನ ಚಿಲಕದ ಸದ್ದಾದರೆ ಸಾಕು, ಬ್ಯಾಟರಿ ಕಿತ್ತು, ಎಲ್ಲ ಡಬ್ಬಿಗೆ ತುರುಕಿ, ಬೀರುವಿಗೆ ಸೇರಿಸಿ, ನಾನು ಪೇಪರು, ಚಿಕ್ಕಮ್ಮ ಅಕ್ಕಿಮೊರ ಹಿಡಿದು ಕೂರುವುದು. ದಿನಾ ಅಷ್ಟು ಅಕ್ಕಿ ಆರಿಸುವ ಮನೆಯಲ್ಲಿ ಅನ್ನದಲ್ಲಿ ಕಲ್ಲು ಯಾಕೆ ಸಿಗುತ್ತದೆ ಎಂದು ಆ ಪುಣ್ಯಾತ್ಮ ಒಂದು ದಿನವೂ ಕೇಳಲಿಲ್ಲ.

ಭಾನುವಾರ ಬರುತ್ತಿತ್ತು. ಚಾಪೆ, ಮೀಟರು, ನೋಟ್‌ಬುಕ್ಕು. ಬೋರ್ಡಿನ ಅಳತೆ ಎಲ್ಲ ಸರಿ. ಬ್ಯಾಟರಿ ಮಾತ್ರ ಒಂಬತ್ತೂವರೆ ಇದ್ದದ್ದು ಒಂಬತ್ತೂಕಾಲು. ಚಿಕ್ಕಪ್ಪ ಹುಬ್ಬೇರಿಸಿ ಬರೆದುಕೊಂಡರು. ಮುಂದಿನ ವಾರ ಒಂಬತ್ತು. ಅದರ ಮುಂದಿನ ವಾರ ಇನ್ನೂ ಕೆಳಗೆ. ಉಪಯೋಗಿಸದೆ ಇಟ್ಟ ಬ್ಯಾಟರಿ ಹೀಗೆ ಇಳಿಯುವ ಹಾಗಿಲ್ಲ. ಅವರು ಮೊದಲು ಅನುಮಾನಪಟ್ಟದ್ದು ಮೀಟರನ್ನು. ರಿಚಿ ಸ್ಟ್ರೀಟಿಗೆ ಹೋಗಿ ಇನ್ನೊಂದು ಮೀಟರು ತಂದರು. ಅದೂ ಅದನ್ನೇ ಹೇಳಿತು. "ಡಬ್ಬಿಯೊಳಗೆ ಬ್ಯಾಟರಿ ಬೋರ್ಡಿಗೆ ತಾಗಿ ಎಲ್ಲೋ ಸೋರ್ತಿದೆ," ಎಂದು ರೇಡಿಯೋ ಬೋರ್ಡನ್ನು ಬೆಳಕಿಗೆ ಹಿಡಿದು, "ಮುಂದಿನ ವಾರಾನೂ ಹೀಗೇ ಇದ್ರೆ ಎಲ್ಲಾ ಬಿಚ್ಚಿ ಮೊದಲಿಂದ ಕಟ್ಟಬೇಕು," ಎಂದರು.

ಅಡುಗೆಮನೆಯಲ್ಲಿ ಚಿಕ್ಕಮ್ಮ ನನ್ನ ತೋಳು ಹಿಡಿದಳು. "ಬಿಚ್ಚಿಬಿಟ್ರೆ ಮುಗೀತು ಕಣೇ. ಇನ್ನೊಂದು ಸಲ ಕಟ್ಟಿ, ಅಳೆದು... ಏನಾದ್ರೂ ಮಾಡೇ," ಎಂದು ಪಿಸುಗುಟ್ಟಿದಳು.

ನಾನು ಮಾಡಿದೆ. ಗಿಂಡಿ ಸ್ಟೇಷನ್ನಿನ ಹತ್ತಿರದ ಅಂಗಡಿಯಲ್ಲಿ ಅದೇ ಗುರುತಿನ ಹೊಸ ಬ್ಯಾಟರಿ ಕೊಂಡು, ಶನಿವಾರ ಹಳೆಯದನ್ನು ತೆಗೆದು ಹೊಸದನ್ನು ಇಟ್ಟೆ. ಬಹಳ ಬುದ್ಧಿವಂತಿಕೆ ಮಾಡಿದೆ ಎಂದುಕೊಂಡು ರಾತ್ರಿ ಸುಖವಾಗಿ ನಿದ್ದೆ ಮಾಡಿದೆ. ದಿನಾ ಬೆಳಗಾದರೆ ವೋಲ್ಟು ಅಳೆದು ಹೊಟ್ಟೆ ಹೊರೆಯುವವಳಿಗೆ, ತಾನಾಗಿ ಇಳಿದ ಬ್ಯಾಟರಿ ತಾನಾಗಿ ಏರುವುದಿಲ್ಲ ಎಂಬುದು ಹೊಳೆಯಲಿಲ್ಲ ನೋಡಿ! ಅಷ್ಟೇ ಇಳಿದ ಇನ್ನೊಂದನ್ನು ಹುಡುಕಿ ಇಡಬೇಕಿತ್ತು. ನನ್ನ ಹಣೆಗೇ ಒಂದು ಕೆಂಪು ಚೀಟಿ ಅಂಟಿಸಬೇಕು.

ಭಾನುವಾರ ಚಿಕ್ಕಪ್ಪ ಬ್ಯಾಟರಿಗೆ ಕಡ್ಡಿ ಮುಟ್ಟಿಸಿದರು. ಒಂಬತ್ತು ಪಾಯಿಂಟ್ ಆರು. ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿ ಹಾಕಿಕೊಂಡರು. ಎರಡನೆಯ ಮೀಟರಿನಲ್ಲಿ ನೋಡಿದರು. ಒಂಬತ್ತು ಪಾಯಿಂಟ್ ಆರು. ನೋಟ್‌ಬುಕ್ಕಿನ ಹಿಂದಿನ ಹಾಳೆ ತಿರುಗಿಸಿದರು. ಆಮೇಲೆ ನನ್ನನ್ನು ನೋಡಿದರು. ನಾನು ಬೆಂಡೆಕಾಯಿ ಹೆಚ್ಚುತ್ತಿದ್ದೆ, ಬೆರಳೂ ಹೆಚ್ಚಿಕೊಂಡೆ. ಅವರ ನೋಟ ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತ ಚಿಕ್ಕಮ್ಮನ ಕಡೆ ಹೋಯಿತು, ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

"ಚೆನ್ನೈ ಸೆಕೆ ನೋಡು," ಎಂದರು ನಿಧಾನವಾಗಿ. "ಬ್ಯಾಟರಿ ಸ್ವಲ್ಪ ಹಿಗ್ಗಿದೆ."

ಅದನ್ನೇ ನೋಟ್‌ಬುಕ್ಕಿನಲ್ಲಿ ಬರೆದರು. ಚಿಕ್ಕಮ್ಮ ನನ್ನನ್ನು ಒಳಗೆ ಕರೆದು, "ಬದುಕಿದೆ ಕಣೇ! ಸೆಕೆಗೆ ಹಿಗ್ಗುತ್ತಂತೆ, ನನಗೆ ಗೊತ್ತೇ ಇರಲಿಲ್ಲ," ಎಂದು ದೇವರಿಗೆ ತುಪ್ಪದ ದೀಪ ಹಚ್ಚಿದಳು. ಸೆಕೆಗೆ ಬ್ಯಾಟರಿ ಹಿಗ್ಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಚಿಕ್ಕಪ್ಪನಿಗೂ ಗೊತ್ತಿತ್ತು. ರೇಡಿಯೋ ಬಿಚ್ಚುವ ಮಾತು ಮತ್ತೆ ಬರಲಿಲ್ಲ.

ಆ ಸೋಮವಾರದಿಂದ ಅವರ ಆಫೀಸಿನಲ್ಲಿ ಕೆಲಸ ಜಾಸ್ತಿಯಾಯಿತು. ದಿನಾ ಬರುವುದು ಏಳಕ್ಕೆ. ಚಿಕ್ಕಮ್ಮನ ಸಂಭ್ರಮ ಹೇಳತೀರದು. ಈಗ ಧ್ವನಿ ತಿಳಿಯಾದ ಮೇಲೂ ಮುಕ್ಕಾಲು ಗಂಟೆ ಪೂರ್ತಿ ನಮ್ಮದು. ಪ್ರದೇಶ ಸಮಾಚಾರ, ಒಂದು ನಾಟಕದ ತುಂಡು, ಎರಡು ಭಾವಗೀತೆ. ಅವಳ ಮುಖದ ಬಣ್ಣವೇ ಬದಲಾಯಿತು. ತರಕಾರಿ ಗಾಡಿಯವನಿಗೆ ಕನ್ನಡ ಕಲಿಸಲು ಹೊರಟಳು.

ಹದಿನೈದು ದಿನ ಕಳೆದಿರಬೇಕು. ನನಗೆ ಕಾರ್ಖಾನೆಯಲ್ಲಿ ಒಂದು ಗಂಟೆ ಹೆಚ್ಚು ಕೆಲಸ ಬಿತ್ತು. ಸೈದಾಪೇಟೆ ಸ್ಟೇಷನ್ನಿನಲ್ಲಿ ಇಳಿದಾಗ ಆರೂವರೆ. ಹೊರಗೆ ಬಂದರೆ ಬಾಳೆಹಣ್ಣಿನ ಅಂಗಡಿಯ ಮುಂದೆ ಚಿಕ್ಕಪ್ಪ. ನೇತುಹಾಕಿದ ಗೊನೆಗಳ ಪಕ್ಕದಲ್ಲಿ, ಕರೆಂಟು ಕಂಬದ ಹತ್ತಿರ, ಬ್ಯಾಗನ್ನು ಎರಡು ಪಾದಗಳ ನಡುವೆ ಇಟ್ಟುಕೊಂಡು ನಿಂತಿದ್ದರು. ಹೋಗಿಬರುವ ಜನ ಅವರನ್ನು ತಳ್ಳಿಕೊಂಡು ಹೋಗುತ್ತಿದ್ದರು. ಕೂರಲು ಅಲ್ಲಿ ಒಂದು ಕಲ್ಲೂ ಇರಲಿಲ್ಲ. ಒಂದು ಕಾಲಿನ ಭಾರವನ್ನು ಇನ್ನೊಂದಕ್ಕೆ ಬದಲಾಯಿಸುತ್ತ, ಸ್ಟೇಷನ್ನಿನ ಗಡಿಯಾರ ನೋಡುತ್ತ ನಿಂತಿದ್ದರು.

"ಚಿಕ್ಕಪ್ಪಾ, ಇಲ್ಯಾಕೆ ನಿಂತಿದ್ದೀರಾ?"

"ಏನಿಲ್ಲ ಕಣಮ್ಮ, ಗಾಳಿಗೆ," ಎಂದರು.

ಅಂಗಡಿಯಾತ ನನ್ನನ್ನು ಮಗಳು ಎಂದುಕೊಂಡನೋ ಏನೋ, "ಸಾರ್ ಡೈಲಿ ಇಂಗೇದಾನ್ ನಿಪ್ಪಾರ್‌ಮ್ಮಾ, ಏಳು ಮಣಿ ವರೈಕ್ಕುಂ," ಎಂದ. ದಿನಾ ಇಲ್ಲೇ ನಿಲ್ಲುತ್ತಾರೆ, ಏಳು ಗಂಟೆಯವರೆಗೂ. ಚಿಕ್ಕ ಮಗು ಸಕ್ಕರೆ ಡಬ್ಬಿಗೆ ಕೈಹಾಕಿ ಸಿಕ್ಕಿಬಿದ್ದ ಹಾಗೆ ಚಿಕ್ಕಪ್ಪ ತಲೆ ತಗ್ಗಿಸಿದರು. ತಲೆ ತಗ್ಗಿಸಬೇಕಾದವಳು ನಾನು. ಅವರು ಕಟ್ಟಿದ ರೇಡಿಯೋದ ಮೊದಲ ಸದ್ದನ್ನು ಅವರಿಲ್ಲದಾಗ ಕೇಳಿದವಳು ನಾನು. ಅಲ್ಲಿಯವರೆಗೆ ಅದು ನನ್ನ ತಲೆಗೆ ಬಂದೇ ಇರಲಿಲ್ಲ.

ಅವರೇ ಕೇಳಿದರು. "ಹಾಕಿದಾಗ ಮೊದಲು ಏನು ಕೇಳಿಸ್ತು?"

"ಜೊರ್ರ್ ಅಂತು. ಆಮೇಲೆ ತಮಿಳು. ಆಮೇಲೆ ತಿಪಟೂರು ಕೊಬ್ಬರಿ ಧಾರಣೆ."

"ನಿಮ್ಮ ಚಿಕ್ಕಮ್ಮ ಏನಂದ್ಲು?"

"ಅತ್ಲು."

ಚಿಕ್ಕಪ್ಪ ಬಾಳೆಗೊನೆಗಳ ಕಡೆ ತಿರುಗಿದರು. ಕನ್ನಡಕ ತೆಗೆದು ಒರೆಸಿಕೊಂಡರು. "ಹಾಗಾದ್ರೆ ಆ ಸುರುಳಿ ಸರಿಯಾಗೇ ಕೂತಿದೆ. ನನಗೆ ಅದೊಂದು ಅನುಮಾನ ಇತ್ತು," ಎಂದರು.

"ಬನ್ನಿ ಚಿಕ್ಕಪ್ಪ, ಮನೆಗೆ ಹೋಗೋಣ. ಎಲ್ರೂ ಕೂತು ಕೇಳೋಣ. ನಾನು ಅವಳಿಗೆ ಹೇಳ್ತೀನಿ."

"ಬೇಡ ಬೇಡ. ನಾನಿದ್ರೆ ರೇಡಿಯೋ ಕೇಳಲ್ಲ ಕಣಮ್ಮ. ಸುಟ್ಟ ವಾಸನೆ ಬಂತಾ ಅಂತ ಮೂಸ್ತಾ ಕೂತಿರ್ತೀನಿ. ಅವಳೂ ಕೇಳಲ್ಲ, ನನ್ನ ಮೂಗೇ ನೋಡ್ತಾ ಕೂತಿರ್ತಾಳೆ. ಎರಡು ದಿನ ಆದ್ಮೇಲೆ ನನಗೋಸ್ಕರ ಆರಿಸೇಬಿಡ್ತಾಳೆ. ನನಗೆ ಗೊತ್ತಿಲ್ವಾ ಅವಳು?" ಎಂದರು. "ಮುಕ್ಕಾಲು ಗಂಟೆ ತಾನೇ. ಇರಲಿ. ಬ್ಯಾಟರಿ ಇಳಿದಾಗ ನಾನೇ ಬದಲಾಯಿಸ್ತೀನಿ. ನೀನು ತಂದಿದ್ದು ಅಂತ ಅವಳು ಅಂದ್ಕೊಳ್ಳಲಿ. ಹೇಳಬೇಡ ಅವಳಿಗೆ. ಹೇಳಲ್ಲ ತಾನೇ?"

ಹೇಳುವುದಿಲ್ಲ ಎಂದೆ.

ಎರಡು ವರ್ಷ ನಡೆಯಿತು ಇದು. ಭಾನುವಾರ ಅವರು ಅಳೆಯುವುದು, ಸಂಜೆ ಅವಳು ಕೇಳುವುದು. ನಾನು ಮದುವೆಯಾಗಿ ಊರಿನ ಇನ್ನೊಂದು ತುದಿಯ ಮಾಧವರಂ ಬಡಾವಣೆಗೆ ಹೋದೆ. ಮುಂದೆ ಅವರ ಮನೆಗೂ ಕೇಬಲ್ ಬಂತು, ಬೇಡ ಬೇಡವೆಂದರೂ ಹಗಲೆಲ್ಲ ಕನ್ನಡ. ರೇಡಿಯೋ ಡಬ್ಬಿ ಸೇರಿತು. ನನಗೆ ತಿಳಿದ ಮಟ್ಟಿಗೆ ಚಿಕ್ಕಪ್ಪ ತಾವು ಕಟ್ಟಿದ್ದರ ಧ್ವನಿಯನ್ನು ಒಂದು ಸಲವೂ ಕೇಳಲಿಲ್ಲ.

ಇದೆಲ್ಲ ನೆನೆಯುತ್ತ ಕೂತಿದ್ದರೆ ಇಲ್ಲಿ ಸಂಜೆಯಾಗಿಬಿಟ್ಟಿತ್ತು. ಚಿಕ್ಕಮ್ಮನಿಗೆ ತಾಳ್ಮೆ ಮುಗಿಯಿತು. "ಕೊಡೇ ಇಲ್ಲಿ," ಎಂದು ತಡವುತ್ತ ಬಂದು, ನನ್ನ ಬೆರಳನ್ನು ಬ್ಯಾಟರಿಯ ಮೇಲೆ ಇಟ್ಟು ಒತ್ತಿದಳು. ಬ್ಯಾಟರಿ ಕೂತುಕೊಂಡಿತು. ಟ್ಯಾಂಕಿನೊಳಗೆ ಇಳಿಬಿಡಬೇಕಾದ ತಂತಿಗಳನ್ನು ಲೋಟದ ನೀರಿಗೆ ಅದ್ದಿದೆ. ಯಂತ್ರ ಕಿರ್ರೆಂದು ಕಿರುಚಿತು. ಇಬ್ಬರೂ ಬೆಚ್ಚಿಬಿದ್ದೆವು. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ, "ಅವರಿಗೆ ಕೊನೇವರೆಗೂ ಗೊತ್ತಾಗ್ಲಿಲ್ಲ ನೋಡು! ಎಂಥ ಕಳ್ಳಿಯರೇ ನಾವು!" ಎಂದಳು.

ಆ ನಗುವಿನ ಭರದಲ್ಲಿ ನನ್ನ ಬಾಯಿ ಜಾರಿತು. ಗೊತ್ತಿತ್ತು ಚಿಕ್ಕಮ್ಮ, ಎಂದೆ. ಎಂದ ಮೇಲೆ ಉಳಿದದ್ದನ್ನೂ ಹೇಳಬೇಕಾಯಿತು. ಬ್ಯಾಟರಿ, ಬಾಳೆಹಣ್ಣಿನ ಅಂಗಡಿ, ಏಳು ಗಂಟೆ, ಎಲ್ಲ. ಹೇಳಿ ಮುಗಿಸುವ ಹೊತ್ತಿಗೆ ನಾನು ಯಾಕಾದರೂ ಶುರು ಮಾಡಿದೆನೋ ಎನಿಸಿತ್ತು. ಅವಳು ನಕ್ಕು, 'ಎಂಥವರು ನೋಡು' ಎಂದು ಹೆಮ್ಮೆಪಡುತ್ತಾಳೆಂದು ನಾನು ಭಾವಿಸಿದ್ದೆ.

ಅವಳು ತಡವುತ್ತ ಹಿಂದಿರುಗಿ ಸೋಫಾದಲ್ಲಿ ಕೂತಳು, ನಾನೂ ಹೋಗಿ ಪಕ್ಕದಲ್ಲಿ ಕೂತೆ. ಕಪ್ಪು ಕನ್ನಡಕದ ಹಿಂದೆ ಏನಾಗುತ್ತಿದೆ ಎಂದು ತಿಳಿಯಲಿಲ್ಲ.

"ಆಫೀಸಲ್ಲಿ ಕೆಲಸ ಜಾಸ್ತಿ ಅಂದಿದ್ರಲ್ಲೇ," ಎಂದಳು ಕೊನೆಗೆ.

"ಹೂಂ."

"ನಾನು ಸಂತೋಷಪಟ್ಟೆ ಕಣೇ. ಇನ್ನೊಂದು ಸ್ವಲ್ಪ ಕೆಲಸ ಕೊಡಪ್ಪಾ ಇವರಿಗೆ ಅಂತ ದೇವರಿಗೆ ಕೈ ಮುಗಿದಿದ್ದೆ." ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಆಗಲೇ ಅವರಿಗೆ ಮಂಡಿ ನೋವು ಶುರುವಾಗಿತ್ತು. ಬಂದ ತಕ್ಷಣ ಎಣ್ಣೆ ತಿಕ್ಕಿ ಬಿಸಿನೀರು ಹಾಕ್ತಿದ್ದೆ. ಟ್ರೈನಲ್ಲಿ ಸೀಟು ಸಿಗಲ್ಲ, ನಿಂತ್ಕೊಂಡೇ ಬರ್ತಾರೆ ಅಂತ ದಿನಾ ಟ್ರೈನಿಗೆ ಹಿಡಿಶಾಪ ಹಾಕ್ತಿದ್ದೆ."

ಆ ಮನೆಯಲ್ಲಿ ಎರಡು ವರ್ಷ ಎಣ್ಣೆಯ ವಾಸನೆ ಇತ್ತು. ನಾನು ಮೂಗಿದ್ದೂ ಗಮನಿಸಿರಲಿಲ್ಲ.

ಅವಳು ನನ್ನ ಕೈ ಹುಡುಕಿ ಹಿಡಿದುಕೊಂಡಳು. "ಅಲ್ಲಿ ಕೂತ್ಕೊಳ್ಳೋಕೆ ಏನಾದ್ರೂ ಇತ್ತೇನೇ?"

ಮೀಟರು ತೋರಿಸದೇ ಇದ್ದದ್ದನ್ನು ಬರೆಯಬಾರದು ಎಂದು ನಾನು ಇಷ್ಟು ವರ್ಷ ನನ್ನ ಕೈಕೆಳಗಿನ ಹುಡುಗಿಯರಿಗೆಲ್ಲ ಹೇಳಿಕೊಟ್ಟಿದ್ದೇನೆ. ಒಂದು ತಪ್ಪು ಅಂಕಿಗೆ ಒಬ್ಬಳನ್ನು ಅಳಿಸಿಯೂ ಇದ್ದೇನೆ.

"ಇತ್ತು ಚಿಕ್ಕಮ್ಮ. ಬೆಂಚಿತ್ತು," ಎಂದೆ.

"ಒರಗಿಕೊಳ್ಳೋ ಅಂಥದ್ದಾ?"

"ಹೂಂ, ಒರಗಿಕೊಳ್ಳೋ ಅಂಥದ್ದೇ. ಆರಾಮಾಗಿ ಕೂತಿದ್ರು."

"ಹಾಗಾದ್ರೆ ಸರಿ," ಎಂದು ಚಿಕ್ಕಮ್ಮ ಉಸಿರು ಬಿಟ್ಟು, ಸೋಫಾದ ಮೇಲೆ ಕಾಲು ಚಾಚಿಕೊಂಡಳು.